ಅಡಾ ಲವ್‌ಲೇಸ್

ಅಡಾ ಲವ್‌ಲೇಸ್ (ಡಿಸೆಂಬರ್ 10, 1815 – ನವೆಂಬರ್ 27, 1852) ಇಂಗ್ಲೆಂಡಿನ ಗಣಿತಜ್ಞೆ ಹಾಗೂ ಲೇಖಕಿ. ಚಾರ್ಲ್ಸ್ ಬ್ಯಾಬೇಜ್ ಅವರು ಕಲ್ಪಿಸಿದ ಅನಲಿಟಿಕಲ್ ಎಂಜಿನ್ ಎಂಬ ಗಣಕಯಂತ್ರವನ್ನು ಕುರಿತು 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಿಂದ ಇವರು ಪ್ರಸಿದ್ಧರಾಗಿದ್ದಾರೆ. ಜಗತ್ತಿನ ಮೊದಲ ಪ್ರೋಗ್ರಾಮರ್ ಎಂದು ಇವರನ್ನು ಅನೇಕರು ಗುರುತಿಸುತ್ತಾರೆ. ಇವರ ಹೆಸರನ್ನು ಹೊತ್ತ ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಹುಪಾಲು ಕಂಪನಿಗಳು ಬಳಸುವುದಿಲ್ಲ. ಆದರೆ ವಿಮಾನ, ರೈಲು ಮುಂತಾದ ಪ್ರಾಣರಕ್ಷಣೆಯ ಕ್ಷೇತ್ರಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಬೆಂಗಳೂರಿನಲ್ಲಿ ವಿನ್ಯಾಸಗೊಂಡ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶವೂ ಈ ಭಾಷೆಯಲ್ಲಿ ರಚಿತವಾಗಿದೆ.

ಜನನ ಮತ್ತು ಬಾಲ್ಯ

ಅಡಾ ಅವರು ಲಂಡನ್ನಿನಲ್ಲಿ ಜನಿಸಿದರು. ಪೂರ್ಣ ಹೆಸರು ಅಗಸ್ಟಾ ಅಡಾ ಬೈರನ್. ತಂದೆ ಪ್ರಸಿದ್ಧ ಕವಿ ಲಾರ್ಡ್ ಬೈರನ್, ತಾಯಿ ಆನ್ ಇಸಬೆಲ್ಲಾ ಮಿಲ್ಬ್ಯಾಂಕ್. ಮಗು ಹುಟ್ಟಿದ ಒಂದು ತಿಂಗಳಿಗೆ ತಾಯಿ ಗಂಡನ ಮನೆಯನ್ನು ತೊರೆದರು. ಕೆಲವೇ ತಿಂಗಳಲ್ಲಿ ಬೈರನ್ ಇಂಗ್ಲೆಂಡನ್ನು ಬಿಟ್ಟುಹೋದರು. ಅವರು 1824ರಲ್ಲಿ ಗ್ರೀಸ್ ದೇಶದಲ್ಲಿ ತೀರಿಕೊಂಡಾಗ ಅಡಾ ಅವರಿಗೆ ಎಂಟು ವರ್ಷ. ತಂದೆಯನ್ನು ಅವರು ತಿಳಿವಳಿಕೆ ಬಂದ ಮೇಲೆ ಕಂಡದ್ದೇ ಇಲ್ಲ.

ತಾಯಿಗೆ ಗಣಿತದಲ್ಲಿ ಒಲವಿತ್ತು. ತಂದೆಯ ಚಂಚಲ ಸ್ವಭಾವ ಮಗಳಿಗೆ ಬಾರದಿರಲೆಂಬ ಎಣಿಕೆಯಿಂದ ಆಕೆ ಗಣಿತ ಮತ್ತು ವಿಜ್ಞಾನದ ಪಾಠಕ್ಕೆ ಹೆಚ್ಚಿನ ಮಹತ್ವ ಕೊಟ್ಟರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿದ್ದ ಕಾಲವಾದ್ದರಿಂದ ವಿದ್ಯಾಭ್ಯಾಸ ಮನೆಯಲ್ಲಿಯೇ ನಡೆಯಿತು. 1829ರಲ್ಲಿ ದಡಾರ ತಗುಲಿ ಅಡಾ ಬಹುಕಾಲ ಹಾಸಿಗೆ ಹಿಡಿದರು, ಅನಂತರ ಊರುಗೋಲಿನ ಆಸರೆಯಲ್ಲಿ ನಡೆಯಬೇಕಾಯಿತು. ಆಗಲೂ ಓದನ್ನು ಬಿಡಲಿಲ್ಲ. ವಿಜ್ಞಾನ ಲೇಖಕಿ ಮೇರಿ ಸಾಮರ್‌ವಿಲ್ ಅವರ ಮಾರ್ಗದರ್ಶನ ಅವರಿಗೆ ದೊರೆಯಿತು. ಮುಂದೆ ಉನ್ನತ ಗಣಿತವನ್ನು ಕಲಿಸಿದ ಅಗಸ್ಟಸ್ ಡಿ ಮಾರ್ಗನ್ ಅವರು ಭಾರತದ ಮಧುರೈಯಲ್ಲಿ ಹುಟ್ಟಿದವರು.

ಬ್ಯಾಬೇಜ್ ಪರಿಚಯ ಮತ್ತು ವಿವಾಹ

1833ರ ಜೂನ್ ತಿಂಗಳಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅಡಾ ಅವರು ಚಾರ್ಲ್ಸ್ ಬ್ಯಾಬೇಜ್ ಅವರನ್ನು ಮೊದಲ ಬಾರಿಗೆ ಭೇಟಿಯಾದರು. ಬ್ಯಾಬೇಜ್ ತಮ್ಮ ಡಿಫರೆನ್ಸ್ ಎಂಜಿನ್ನಿನ ಒಂದು ಭಾಗವನ್ನು ಕಟ್ಟಿ ಅತಿಥಿಗಳಿಗೆ ತೋರಿಸುತ್ತಿದ್ದರು. ಹಲ್ಲುಗಾಲಿಗಳು ತಿರುಗಿ ಲೆಕ್ಕ ಮಾಡುವ ಆ ಯಂತ್ರ ಅಡಾ ಅವರ ಮನಸ್ಸನ್ನು ಸೆಳೆಯಿತು. ಇವರಿಬ್ಬರ ಸ್ನೇಹ ಮತ್ತು ಪತ್ರವ್ಯವಹಾರ ಜೀವನಪರ್ಯಂತ ಮುಂದುವರಿಯಿತು.

1835ರಲ್ಲಿ ಅವರು ವಿಲಿಯಂ ಕಿಂಗ್ ಅವರನ್ನು ವಿವಾಹವಾದರು. 1838ರಲ್ಲಿ ಪತಿಗೆ ಲವ್‌ಲೇಸ್‌ನ ಅರ್ಲ್ ಎಂಬ ಪದವಿ ದೊರೆತುದರಿಂದ ಅಡಾ ಅವರು ಲವ್‌ಲೇಸ್‌ನ ಕೌಂಟೆಸ್ ಎನಿಸಿಕೊಂಡರು. ದಂಪತಿಗೆ ಇಬ್ಬರು ಗಂಡುಮಕ್ಕಳು ಮತ್ತು ಒಬ್ಬಳು ಮಗಳು.

1843ರ ಟಿಪ್ಪಣಿಗಳು

ಇಟಲಿಯ ಲುಯಿಜಿ ಮೆನಬ್ರೆಯಾ ಅವರು ಅನಲಿಟಿಕಲ್ ಎಂಜಿನ್ ಕುರಿತು 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದ್ದರು. ಅಡಾ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಎ ಇಂದ ಜಿ ವರೆಗೆ ಏಳು ಟಿಪ್ಪಣಿಗಳನ್ನು ಸೇರಿಸಿದರು. ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರರಷ್ಟು ದೀರ್ಘವಾಗಿದ್ದವು. ಲೇಖಕಿಯ ಹೆಸರಿನ ಜಾಗದಲ್ಲಿ ಎ. ಎ. ಎಲ್. ಎಂಬ ಮೊದಲಕ್ಷರಗಳಷ್ಟೇ ಇದ್ದವು.

ರೇಷ್ಮೆ ಮಗ್ಗದಲ್ಲಿ ಹೂವಿನ ವಿನ್ಯಾಸ ಮೂಡಿಸಲು ಜಾಕಾರ್ಡ್ ಬಳಸಿದ ರಂಧ್ರದ ಕಾರ್ಡುಗಳಂತಹ ಕಾರ್ಡುಗಳಿಂದಲೇ ಈ ಯಂತ್ರಕ್ಕೂ ಆದೇಶ ಕೊಡಬೇಕಾಗಿತ್ತು. ಕೊನೆಯ ಟಿಪ್ಪಣಿಯಲ್ಲಿ ಬರ್ನೌಲಿ ಸಂಖ್ಯೆಗಳನ್ನು ಯಂತ್ರದಿಂದ ಲೆಕ್ಕ ಮಾಡಿಸುವ ಹಂತಗಳ ಕೋಷ್ಟಕವಿದೆ. ಇದನ್ನೇ ಪ್ರಕಟವಾದ ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎಂದು ಹಲವರು ಕರೆಯುತ್ತಾರೆ. ಬ್ಯಾಬೇಜ್ ಅವರು ಇದಕ್ಕೂ ಮೊದಲೇ ಇಂತಹ ಕೆಲವು ಹಂತಪಟ್ಟಿಗಳನ್ನು ಬರೆದಿಟ್ಟಿದ್ದರಿಂದ, ಈ ಕೀರ್ತಿ ಯಾರಿಗೆ ಎಷ್ಟು ಸಲ್ಲಬೇಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಯಂತ್ರ ಸಂಖ್ಯೆಗಳನ್ನಷ್ಟೇ ಅಲ್ಲದೆ, ನಿಯಮಗಳಿಗೆ ಒಳಪಡುವ ಸಂಗೀತದ ಸ್ವರಗಳಂತಹ ಇತರ ವಿಷಯಗಳನ್ನೂ ನಿರ್ವಹಿಸಬಲ್ಲದು ಎಂದು ಅಡಾ ಅವರು ಕಂಡುಕೊಂಡದ್ದು ಅವರ ವಿಶೇಷ ಕೊಡುಗೆಯೆಂದು ಬಹುತೇಕರು ಒಪ್ಪುತ್ತಾರೆ. ಯಂತ್ರವು ತಾನಾಗಿ ಹೊಸತನ್ನು ಸೃಷ್ಟಿಸಲಾರದು, ಹೇಳಿದ್ದನ್ನು ಮಾತ್ರ ಮಾಡಬಲ್ಲದು ಎಂಬ ಅವರ ಅಭಿಪ್ರಾಯವನ್ನು ಅಲನ್ ಟ್ಯೂರಿಂಗ್ 1950ರ ತಮ್ಮ ಲೇಖನದಲ್ಲಿ ಚರ್ಚೆಗೆ ಎತ್ತಿಕೊಂಡರು.

ಅನಲಿಟಿಕಲ್ ಎಂಜಿನ್ ಅವರ ಕಾಲದಲ್ಲಿ ನಿರ್ಮಾಣವಾಗಲಿಲ್ಲ. ಬ್ಯಾಬೇಜ್ ಅವರ ಹಿಂದಿನ ಯಂತ್ರಕ್ಕೆ ಬಹಳ ಹಣ ವೆಚ್ಚಮಾಡಿದ್ದ ಬ್ರಿಟಿಷ್ ಸರ್ಕಾರ 1842ರಲ್ಲಿ ನೆರವನ್ನು ನಿಲ್ಲಿಸಿತ್ತು. ಹೀಗಾಗಿ ಅಡಾ ಅವರು ಬರೆದ ಪ್ರೋಗ್ರಾಂ ಓಡಲು ಯಂತ್ರವೇ ಇರಲಿಲ್ಲ.

ಕೊನೆಯ ದಿನಗಳು

ಕೊನೆಯ ವರ್ಷಗಳಲ್ಲಿ ಕುದುರೆ ಜೂಜಿನಲ್ಲಿ ಹಣ ಕಳೆದುಕೊಂಡು ಅವರು ಸಾಲಕ್ಕೆ ಸಿಲುಕಿದರು, ಒಡವೆಗಳನ್ನು ಅಡವಿಡಬೇಕಾಯಿತು. ಗರ್ಭಕೋಶದ ಕ್ಯಾನ್ಸರ್‌ನಿಂದ ಬಳಲಿ 1852ರ ನವೆಂಬರ್ 27ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 36 ವರ್ಷ. ತಂದೆ ತೀರಿಕೊಂಡದ್ದೂ ಇದೇ ವಯಸ್ಸಿನಲ್ಲಿ. ಅವರ ಇಚ್ಛೆಯಂತೆ ಹಕ್ನಾಲ್ ಊರಿನ ಚರ್ಚಿನಲ್ಲಿ ತಂದೆಯ ಪಕ್ಕದಲ್ಲಿಯೇ ಸಮಾಧಿ ಮಾಡಲಾಯಿತು. 1953ರಲ್ಲಿ ಬಿ. ವಿ. ಬೌಡೆನ್ ತಮ್ಮ ಗ್ರಂಥದಲ್ಲಿ ಟಿಪ್ಪಣಿಗಳನ್ನು ಮರುಮುದ್ರಿಸಿದ ಮೇಲೆ ಅಡಾ ಅವರ ಹೆಸರು ಕಂಪ್ಯೂಟರ್ ತಜ್ಞರ ನಡುವೆ ಮತ್ತೆ ಕೇಳಿಬಂದಿತು.

ಅಡಾ ಭಾಷೆ

1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ನೂರಾರು ಪ್ರೋಗ್ರಾಮಿಂಗ್ ಭಾಷೆಗಳು ಬಳಕೆಯಲ್ಲಿದ್ದು, ತಂತ್ರಾಂಶಗಳ ನಿರ್ವಹಣೆ ದುಬಾರಿಯಾಗಿತ್ತು. ಎಲ್ಲಕ್ಕೂ ಒಂದೇ ಭಾಷೆಯನ್ನು ರೂಪಿಸಲು ಇಲಾಖೆ ಸ್ಪರ್ಧೆ ನಡೆಸಿತು. ಫ್ರಾನ್ಸಿನ ಜಾನ್ ಇಷ್ಬಿಯಾ ಅವರ ತಂಡದ ವಿನ್ಯಾಸ 1979ರಲ್ಲಿ ಆಯ್ಕೆಯಾಯಿತು. ಅದಕ್ಕೆ ಅಡಾ ಎಂದು ಹೆಸರಿಟ್ಟರು. ಅದರ ಸೇನಾ ಮಾನಕದ ಸಂಖ್ಯೆ 1815, ಅಂದರೆ ಅಡಾ ಅವರು ಹುಟ್ಟಿದ ವರ್ಷ.

ಕಂಪನಿಗಳು ದೂರವಿಟ್ಟ ಕಾರಣಗಳು

ಹೊಸ ಕಬ್ಬಿನ ತಳಿ ಎಷ್ಟೇ ಉತ್ತಮವೆಂದು ಕೇಳಿದರೂ ಮಂಡ್ಯ, ಮದ್ದೂರು, ಮಳವಳ್ಳಿಯ ನಾಲಾ ಬಯಲಿನ ರೈತ ಬಿತ್ತನೆ ಸಿಗುವುದೇ, ಕಾರ್ಖಾನೆ ಕೊಳ್ಳುವುದೇ, ರೋಗ ಬಂದರೆ ಹೇಳುವವರಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತಾನೆ. ಕಂಪನಿಗಳೂ ಭಾಷೆಯನ್ನು ಆರಿಸುವಾಗ ಇಂತಹ ಪ್ರಶ್ನೆಗಳನ್ನೇ ಕೇಳುತ್ತವೆ. ಅಡಾ ಭಾಷೆಯ ಆರಂಭದ ಕಂಪೈಲರ್‌ಗಳು ದುಬಾರಿಯಾಗಿದ್ದವು ಮತ್ತು ನಿಧಾನವಾಗಿದ್ದವು. ಸಿ ಮತ್ತು ಸಿ++ ಬಲ್ಲವರು ಎಲ್ಲೆಡೆ ಸಿಗುತ್ತಿದ್ದರು, ಅಡಾ ಬಲ್ಲವರು ವಿರಳ. ಕೆಲಸಗಳು ಕಡಿಮೆಯಾದ್ದರಿಂದ ವಿದ್ಯಾರ್ಥಿಗಳು ಕಲಿಯಲಿಲ್ಲ. ಕಲಿತವರು ಕಡಿಮೆಯಾದ್ದರಿಂದ ಕಂಪನಿಗಳು ಆರಿಸಲಿಲ್ಲ. ಸಿದ್ಧ ತಂತ್ರಾಂಶ ಭಾಗಗಳೂ ಇತರ ಭಾಷೆಗಳಲ್ಲಿಯೇ ಹೆಚ್ಚಾಗಿ ದೊರೆಯುತ್ತಿದ್ದವು. ರಕ್ಷಣಾ ಇಲಾಖೆ ಈ ಭಾಷೆಯ ಕಡ್ಡಾಯ ಬಳಕೆಯ ನಿಯಮವನ್ನು 1997ರಲ್ಲಿ ಕೈಬಿಟ್ಟ ಮೇಲೆ ಬಳಕೆ ಇನ್ನಷ್ಟು ಕುಗ್ಗಿತು.

ಅಳವಡಿಸಿಕೊಂಡ ಕ್ಷೇತ್ರಗಳು

ತಪ್ಪಿನ ಬೆಲೆ ಮನುಷ್ಯರ ಪ್ರಾಣವಾಗಿರುವ ಕಡೆ ಲೆಕ್ಕಾಚಾರ ಬೇರೆ. ಅಡಾ ಭಾಷೆ ಒಂದು ಬಗೆಯ ಮೌಲ್ಯವನ್ನು ಇನ್ನೊಂದು ಬಗೆಯೊಡನೆ ಬೆರೆಸಲು ಸುಲಭವಾಗಿ ಬಿಡುವುದಿಲ್ಲ. ಅನೇಕ ತಪ್ಪುಗಳನ್ನು ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ಹಿಡಿಯುತ್ತದೆ. ಬೋಯಿಂಗ್ 777 ವಿಮಾನದ ತಂತ್ರಾಂಶದ ಬಹುಭಾಗ ಹಾಗೂ ಪ್ಯಾರಿಸ್ ಮೆಟ್ರೋದ ಚಾಲಕರಹಿತ 14ನೆಯ ಮಾರ್ಗದ ಸುರಕ್ಷತಾ ತಂತ್ರಾಂಶ ಈ ಭಾಷೆಯಲ್ಲಿವೆ. ಇತ್ತೀಚೆಗೆ ಎನ್‌ವಿಡಿಯಾ ಕಂಪನಿ ತನ್ನ ಚಿಪ್‌ಗಳ ಭದ್ರತಾ ತಂತ್ರಾಂಶಕ್ಕೆ ಅಡಾ ಮೂಲದ ಸ್ಪಾರ್ಕ್ ಭಾಷೆಯನ್ನು ಆರಿಸಿಕೊಂಡಿತು.

ಕರ್ನಾಟಕದಲ್ಲಿ ಇದರ ಮುಖ್ಯ ಉದಾಹರಣೆ ತೇಜಸ್. ತಾನಾಗಿ ಸ್ಥಿರವಾಗಿ ಹಾರದಂತೆ ಉದ್ದೇಶಪೂರ್ವಕವಾಗಿ ವಿನ್ಯಾಸಗೊಂಡಿರುವ ಈ ವಿಮಾನವನ್ನು ನಾಲ್ಕು ಸಮಾನಾಂತರ ವಾಹಿನಿಗಳ ಕಂಪ್ಯೂಟರ್ ವ್ಯವಸ್ಥೆ ಸತತವಾಗಿ ಸಮತೋಲನದಲ್ಲಿಡುತ್ತದೆ. ಅದರ ತಂತ್ರಾಂಶಕ್ಕೆ ಅಡಾ ಭಾಷೆಯ ಆಯ್ದ ಭಾಗವನ್ನು ಬಳಸಲಾಗಿದೆ. ತೇಜಸ್‌ನ ಮೊದಲ ಮಾದರಿ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಹಾರಿತು. ವಿನ್ಯಾಸದ ಹೊಣೆ ಹೊತ್ತ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಇಂಗ್ಲಿಷ್ ಮೊದಲಕ್ಷರಗಳೂ ಅಡಾ ಎಂದೇ ಓದಿಸಿಕೊಳ್ಳುವುದು ಕಾಕತಾಳೀಯ.

ಭಾಷೆಯೊಂದೇ ರಕ್ಷಣೆ ನೀಡಲಾರದು ಎಂಬುದಕ್ಕೂ ನಿದರ್ಶನವಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೇಲೇರಿದ ಒಂದು ನಿಮಿಷದೊಳಗೆ ನಾಶವಾಯಿತು. ಏರಿಯಾನ್ 4ಕ್ಕಾಗಿ ಅಡಾ ಭಾಷೆಯಲ್ಲಿ ಬರೆದ ಭಾಗವನ್ನು ಹೊಸ ರಾಕೆಟ್ಟಿನ ವೇಗಕ್ಕೆ ಪರೀಕ್ಷಿಸದೆ ಬಳಸಲಾಗಿತ್ತು. ದೊಡ್ಡ ಸಂಖ್ಯೆಯೊಂದು 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ, ಅಲ್ಲಿ ಇರಬೇಕಾಗಿದ್ದ ತಪಾಸಣೆಯನ್ನು ಕೈಬಿಡಲಾಗಿತ್ತು.

ಸ್ಮರಣೆ

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದಲ್ಲಿ ಮಹಿಳೆಯರ ಸಾಧನೆಯನ್ನು ನೆನೆಯಲು ಪ್ರತಿವರ್ಷ ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರವನ್ನು ಅಡಾ ಲವ್‌ಲೇಸ್ ದಿನವೆಂದು ಆಚರಿಸಲಾಗುತ್ತದೆ.