ಬೆಂಗಳೂರಲ್ಲಿ ಸೀಟು ನಿರಾಕರಣೆ, ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ: ಅವರೆಕಾಳಿನ ಗುಟ್ಟು ಬಿಡಿಸಿದ ಕಮಲಾ ಸೊಹೋನಿ

ಶಿವಮೊಗ್ಗ: ಚಳಿಗಾಲ ಬಂತು ಅಂದ್ರೆ ಗಾಂಧಿ ಬಜಾರ್‌ನಿಂದ ಹಿಡಿದು ಭದ್ರಾವತಿ ಸಂತೆವರೆಗೂ ಅವರೆಕಾಯಿ ರಾಶಿ. ಕಾಳು ಸರಿಯಾಗಿ ಬೇಯದಿದ್ರೆ ಹೊಟ್ಟೆ ಕೆಡುತ್ತೆ ಅಂತ ಮನೆ ಅಜ್ಜಿಯರು ಹೇಳ್ತಾನೇ ಇರ್ತಾರೆ. ಆ ಮಾತಿನ ಹಿಂದಿರೋ ವಿಜ್ಞಾನ ಹುಡುಕಿದವರಲ್ಲಿ ಒಬ್ಬರು ಕಮಲಾ ಸೊಹೋನಿ.

ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ಅಪ್ಪ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. 1933ರಲ್ಲಿ ಬಾಂಬೆ ವಿವಿ ಬಿಎಸ್ಸಿಯಲ್ಲಿ ಮೊದಲಿಗರಾದ ಮಗಳೂ ಅಲ್ಲಿಗೇ ಅರ್ಜಿ ಹಾಕಿದ್ರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ನೊಬೆಲ್ ವಿಜೇತ ಸರ್ ಸಿ.ವಿ. ರಾಮನ್. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತ.

ಕಮಲಾ ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೇ ಬಂದು ರಾಮನ್ ಅವರನ್ನು ನೇರವಾಗಿ ಕಾರಣ ಕೇಳಿದ್ರು, ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ತು. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿ ಲೆಕ್ಕಕ್ಕಿಲ್ಲ, ಕೆಲಸ ಒಪ್ಪಿಗೆಯಾದ್ರೆ ಮಾತ್ರ ಮುಂದಿನ ಮಾತು. ಈ ಅವಮಾನ ಅವರು ಎಂದೂ ಮರೆಯಲಿಲ್ಲ. ಆದ್ರೂ ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಹಗಲು ರಾತ್ರಿ ದುಡಿದ್ರು. ವರ್ಷ ಕಳೆದ ಮೇಲೆ ರಾಮನ್ ಒಪ್ಪಿದ್ರು. ಸಂಸ್ಥೆಯ ಬಾಗಿಲು ಬೇರೆ ಹುಡುಗಿಯರಿಗೂ ತೆರೀತು.

ಮುಂದೆ ಕೇಂಬ್ರಿಡ್ಜ್. ಜೀವಕೋಶ ಉಸಿರಾಡೋಕೆ ಬೇಕಾದ ಸೈಟೋಕ್ರೋಮ್-ಸಿ ಗಿಡಗಳಲ್ಲೂ ಇದೆ ಅಂತ ಆಲೂಗಡ್ಡೆ ಇಟ್ಟುಕೊಂಡು ತೋರಿಸಿದ್ರು. 1939ರಲ್ಲಿ ಪಿಎಚ್‌ಡಿ. ಪ್ರಬಂಧ ಬರೀ 40 ಪುಟ!

ಅಲ್ಲೇ ಉಳಿಯದೆ ದೇಶಕ್ಕೆ ವಾಪಸ್ ಬಂದ್ರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, 1947ರಲ್ಲಿ ಮದುವೆಯಾಗಿ ಬಾಂಬೆ ಸೇರಿದ್ರು. 1955ರಲ್ಲಿ ಸಹ ಸಂಶೋಧಕರ ಜೊತೆ ಅವರೆಕಾಳಿನಿಂದ ಒಂದು ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ರು. ನಮ್ಮ ಕರುಳಲ್ಲಿ ಪ್ರೋಟೀನ್ ಜೀರ್ಣ ಮಾಡೋ ಟ್ರಿಪ್ಸಿನ್‌ಗೆ ಅದು ಅಡ್ಡಗಾಲು. ಚೆನ್ನಾಗಿ ಬೇಯಿಸಿದ್ರೆ ಅದರ ಶಕ್ತಿ ಬಹುಪಾಲು ಕುಂದುತ್ತೆ. ಅಜ್ಜಿ ಮಾತು ಸುಳ್ಳಲ್ಲ.

ಬಡ ಮಕ್ಕಳ ಆಹಾರಕ್ಕೆ ನೀರಾ ಹೇಗೆ ನೆರವಾಗುತ್ತೆ ಅನ್ನೋ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದ್ರೆ ಬಾಂಬೆಯಲ್ಲಿ ದುಡಿದ ಸಂಸ್ಥೆಯ ನಿರ್ದೇಶಕ ಹುದ್ದೆ ಸಿಗೋಕೆ ವರ್ಷಗಟ್ಟಲೆ ಕಾಯಬೇಕಾಯ್ತು. 1998ರಲ್ಲಿ ತೀರಿಕೊಂಡರು.

ಇವತ್ತು ಭದ್ರಾವತಿಯಿಂದ ಶಂಕರಘಟ್ಟದ ಕುವೆಂಪು ವಿವಿಗೆ ಬಯೋಕೆಮಿಸ್ಟ್ರಿ ಓದೋಕೆ ಹುಡುಗಿಯರು ಬಸ್ ಹತ್ತುತ್ತಾರೆ. ಹೆಣ್ಣು ಅಂತ ಅರ್ಜಿ ವಾಪಸ್ ಮಾಡೋರು ಈಗ ಅಲ್ಲಿಲ್ಲ. ಮಗಳಿಗೆ ಇಷ್ಟು ಓದು ಸಾಕು ಅನ್ನೋ ಮನೆಗಳು ಮಾತ್ರ ನಮ್ಮಲ್ಲಿ ಇನ್ನೂ ಇವೆ.