ಪದವಿ ಪಡೆದ ಕೈಗೆ ಉಳಿ

ಎಂಜಿನಿಯರಿಂಗ್ ಮುಗಿಸಿ ಬೇರೇನಾದರೂ ಮಾಡುತ್ತೇನೆ ಎಂದರೆ, ಮತ್ತೆ ಇಷ್ಟು ವರ್ಷ ಓದಿದ್ದೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಬಿಇ ಓದುತ್ತಿರುವ ನನಗೆ ಆಗ ನೆನಪಾಗುವುದು ಜರ್ಮನಿಯ ಕಲಾವಿದ ಎರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್.

1880ರಲ್ಲಿ ಹುಟ್ಟಿದ ಕಿರ್ಷ್ನರ್ ಡ್ರೆಸ್ಡೆನ್‌ನಲ್ಲಿ ವಾಸ್ತುಶಿಲ್ಪ ಓದಿ 1905ರಲ್ಲಿ ಪದವಿ ಪಡೆದ. ಅದೇ ವರ್ಷ ಬ್ಲೈಲ್, ಹೆಕೆಲ್, ಶ್ಮಿಟ್-ರೊಟ್ಲುಫ್ ಜೊತೆ ಸೇರಿ ‘ಬ್ರೂಕೆ’ ಎಂಬ ಕಲಾವಿದರ ಗುಂಪು ಕಟ್ಟಿದ. ಬ್ರೂಕೆ ಎಂದರೆ ಸೇತುವೆ. ನಾಲ್ವರೂ ವಾಸ್ತುಶಿಲ್ಪದ ವಿದ್ಯಾರ್ಥಿಗಳೇ.

ಅವರಿಗೆ ಬಲು ಪ್ರಿಯವಾಗಿದ್ದುದು ಮರದಚ್ಚು. ಹಲಗೆಯಲ್ಲಿ ಕೆತ್ತಿ ತೆಗೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಕೆತ್ತದೆ ಬಿಟ್ಟ ಭಾಗ ಶಾಯಿ ಹಿಡಿದು ಕಾಗದಕ್ಕೆ ಇಳಿಯುತ್ತದೆ. ಪೆನ್ಸಿಲ್ ಗೆರೆಯ ಹಾಗೆ ಅಳಿಸುವಂತಿಲ್ಲ. ಹಿಂದೆ ಬರೆಯುವವನೊಬ್ಬ, ಕೆತ್ತುವವನು ಇನ್ನೊಬ್ಬ ಇರುತ್ತಿದ್ದುದೇ ಹೆಚ್ಚು. ಕಿರ್ಷ್ನರ್ ತಾನೇ ಕೆತ್ತಿದ, ತಾನೇ ಅಚ್ಚು ತೆಗೆದ.

1909ರಿಂದ ಬೇಸಿಗೆಗಳಲ್ಲಿ ಗೆಳೆಯರು ಊರಾಚೆಯ ಮೊರಿಟ್ಸ್‌ಬುರ್ಗ್ ಕೆರೆಗಳಿಗೆ ಹೋಗತೊಡಗಿದರು. ಜೊಂಡು ಎಸೆದು ಆಡುವ ಸ್ನಾನಿಗರ ಬಣ್ಣದ ಮರದಚ್ಚು ಹುಟ್ಟಿದ್ದು ಅಲ್ಲಿಯೇ. ಅದರಲ್ಲಿ ಬೆತ್ತಲೆ ಮೈಗಳಿಗೂ ಜೊಂಡಿಗೂ ಒಂದೇ ಒರಟು ಗೆರೆ. ಮನುಷ್ಯ ಬೇರೆ, ಪ್ರಕೃತಿ ಬೇರೆ ಎಂದು ಉಳಿಗೆ ಗೊತ್ತಿಲ್ಲವೇನೋ ಎನಿಸುತ್ತದೆ. 1910ರಲ್ಲಿ ಈ ಚಿತ್ರ ಚಂದಾದಾರರಿಗೆ ಗುಂಪು ಕಳಿಸುತ್ತಿದ್ದ ವಾರ್ಷಿಕ ಸಂಪುಟದಲ್ಲಿ ಸೇರಿತು.

1911ರಲ್ಲಿ ಆತ ಬರ್ಲಿನ್‌ಗೆ ಹೋದ. 1913ರಲ್ಲಿ ಗುಂಪು ಒಡೆಯಿತು. ಮಹಾಯುದ್ಧದಲ್ಲಿ ಸೈನ್ಯ ಸೇರಿದವನು 1915ರಲ್ಲಿ ಮನಸ್ಸು ಕುಸಿದು ಹೊರಬಂದ. 1917ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್ ಸೇರಿ, ಅಲ್ಲಿನ ಬೆಟ್ಟಗಳನ್ನೂ ರೈತರನ್ನೂ ಕೆತ್ತಿದ. ಕೈ ಮತ್ತೆ ಪಳಗಿತು.

ಆದರೆ 1937ರಲ್ಲಿ ನಾಜಿಗಳು ಅವನ ಆರುನೂರಕ್ಕೂ ಹೆಚ್ಚು ಕೃತಿಗಳನ್ನು ಜರ್ಮನಿಯ ಮ್ಯೂಸಿಯಂಗಳಿಂದ ಕಿತ್ತುಹಾಕಿದರು. ಕೆಲವನ್ನು ‘ಅಧಃಪತಿತ ಕಲೆ’ ಎಂಬ ಪ್ರದರ್ಶನದಲ್ಲಿಟ್ಟು ಹೀಯಾಳಿಸಿದರು. ಮರುವರ್ಷ ಜೂನ್‌ನಲ್ಲಿ, 58ನೇ ವಯಸ್ಸಿನಲ್ಲಿ, ಆತ ತನ್ನ ಬದುಕನ್ನು ತಾನೇ ಮುಗಿಸಿಕೊಂಡ.

ಇಷ್ಟದ ಕೆಲಸ ಹಿಡಿದರೆ ಸುಖ ಗ್ಯಾರಂಟಿ ಎಂದು ಈ ಬದುಕು ಹೇಳುವುದಿಲ್ಲ. ಹಾಗೆ ಹೇಳುವ ಕಥೆಗಳನ್ನು ನಾನೂ ನಂಬುವುದಿಲ್ಲ. ಆದರೆ ಓದು ದಂಡವಾಯಿತೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಬ್ಲೈಲ್ ಎಂಬ ಗೆಳೆಯ ಅವನಿಗೆ ಸಿಕ್ಕಿದ್ದು ಅದೇ ಕಾಲೇಜಿನಲ್ಲಿ. ದಾವೋಸ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಕಿತ್ತುಹಾಕಿದವರ ಪಟ್ಟಿಯನ್ನು ಈಗ ಇತಿಹಾಸಕಾರರು ಓದುತ್ತಾರೆ. ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ.