ಗಾಳಿ ತೊಳೆದ ಕ್ಯಾರಿಯರ್, ಧೂಳು ಹಿಡಿದ ನಮ್ಮ ಔಟ್‌ಡೋರ್ ಯೂನಿಟ್

ಸೈಕ್ರೋಮೆಟ್ರಿಕ್ ಚಾರ್ಟ್ ನೋಡಿ ತಲೆ ಕೆರ್ಕೊಂಡಿರೋ ನಮಗೆಲ್ಲ ವಿಲಿಸ್ ಕ್ಯಾರಿಯರ್ ಹತ್ತಿರದವರೇ. ಹುಟ್ಟಿದ್ದು 1876ರಲ್ಲಿ, ನ್ಯೂಯಾರ್ಕ್ ರಾಜ್ಯದ ಅಂಗೋಲಾ ಹತ್ತಿರದ ಒಂದು ರೈತರ ಮನೆಯಲ್ಲಿ. ಭಿನ್ನರಾಶಿ ತಲೆಗೆ ಹತ್ತದಿದ್ದಾಗ ಅವರಮ್ಮ ಸೇಬು ಹೆಚ್ಚಿ ತೋರಿಸಿ ಕಲಿಸಿದರಂತೆ. 1901ರಲ್ಲಿ ಕಾರ್ನೆಲ್‌ನಿಂದ ಇಂಜಿನಿಯರ್ ಆಗಿ ಹೊರಬಂದು ಬಫಲೋ ಫೋರ್ಜ್ ಕಂಪನಿ ಸೇರಿದರು. ಸಂಬಳ ವಾರಕ್ಕೆ 10 ಡಾಲರ್.

ಮರುವರ್ಷವೇ ಬ್ರೂಕ್ಲಿನ್‌ನ ಒಂದು ಪ್ರೆಸ್ಸಿನ ಸಮಸ್ಯೆ ಅವರ ಮೇಜಿಗೆ ಬಂತು. ಗಾಳಿಯಲ್ಲಿ ತೇವ ಏರಿಳಿದ ಹಾಗೆಲ್ಲ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರ್ತಾ ಇರಲಿಲ್ಲ. ಕ್ಯಾರಿಯರ್ ತಣ್ಣನೆ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವ ಇಳಿಸಿದರು. ಅಂದ್ರೆ ಎಸಿ ಹುಟ್ಟಿದ್ದು ಮನುಷ್ಯರ ಬೆವರಿಗಲ್ಲ, ಕಾಗದಕ್ಕೆ!

ಆಮೇಲೊಮ್ಮೆ ಪಿಟ್ಸ್‌ಬರ್ಗ್ ರೈಲ್ವೆ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಮಂಜು ಅಂದ್ರೆ ನೀರು ತುಂಬಿಕೊಂಡ ಗಾಳಿ. ಅದು ತಣ್ಣಗಿದ್ದರೆ ಅದರಲ್ಲಿ ಹಿಡಿಯೋ ನೀರೂ ಕಮ್ಮಿ. ಹಾಗಾದ್ರೆ ತಣ್ಣೀರಿನ ತುಂತುರಿನಲ್ಲಿ ಗಾಳಿ ಹಾಯಿಸಿದರೆ ಅದರ ತೇವ ನಾವು ಹೇಳಿದಷ್ಟೇ ಇರುತ್ತೆ ಅಂತ ಅವರಿಗೆ ಹೊಳೀತು. ನೀರು ಚಿಮುಕಿಸಿ ಗಾಳಿಯನ್ನ ಒಣಗಿಸೋದು! ನಮಗಂತೂ ಇಡೀ ಜೀವನಚರಿತ್ರೆಯಲ್ಲಿ ಇದೇ ಮಜಾ ಅನ್ಸಿದ್ದು. 1906ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ತುಂತುರು ಗಾಳಿಯ ಧೂಳನ್ನೂ ತೊಳೀತಿತ್ತು.

1911ರಲ್ಲಿ ಗಾಳಿ-ತೇವದ ಸೂತ್ರಗಳನ್ನು ಮಂಡಿಸಿದರು, 1915ರಲ್ಲಿ ಆರು ಜನ ಇಂಜಿನಿಯರ್‌ಗಳ ಜೊತೆ ಸ್ವಂತ ಕಂಪನಿ ಕಟ್ಟಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಥಿಯೇಟರ್ ತಂಪಾದ ಮೇಲೆ ಜನ ಸೆಕೆ ತಪ್ಪಿಸಿಕೊಳ್ಳೋಕೇ ಸಿನಿಮಾಗೆ ಹೋಗೋ ಕಾಲ ಬಂತು. 1950ರಲ್ಲಿ ತೀರಿಕೊಂಡರು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಹಿರಿಯೂರಿನಲ್ಲಿ ಹೈವೇ ಧೂಳು, ಹೊಳಲ್ಕೆರೆ ಕಡೆ ಅದಿರು ಲಾರಿಗಳ ಕೆಂಪು ಧೂಳು, ಚಿತ್ರದುರ್ಗ-ಹೊಸದುರ್ಗದಲ್ಲಿ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ. ಕ್ಯಾರಿಯರ್ ಯಂತ್ರ ಗಾಳಿ ತೊಳೀತಿತ್ತು. ನಮ್ಮ ಔಟ್‌ಡೋರ್ ಯೂನಿಟ್ಟಿಗೆ ಆ ಭಾಗ್ಯ ಇಲ್ಲ. ರೂಮಿನ ಶಾಖವೆಲ್ಲ ಹೊರಗೆ ಹೋಗಬೇಕಾದ್ದು ಅದರ ತೆಳು ಫಿನ್‌ಗಳ ಮೂಲಕ. ಅಲ್ಲಿ ಧೂಳು ಕೂತರೆ ಒಳಗಿನ ಒತ್ತಡ ಏರುತ್ತೆ, ಕಂಪ್ರೆಸರ್ ಕಾಯುತ್ತೆ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ. ಏಪ್ರಿಲ್ ಮಧ್ಯಾಹ್ನ, ಅಜ್ಜಿ ಮಲಗಿರೋ ಹೊತ್ತಿಗೇ ಎಸಿ ಟ್ರಿಪ್ ಆಗೋದು ಸುಮ್ಮನೆ ಅಲ್ಲ.

ಬೇಸಿಗೆಗೆ ಮುಂಚೆ ಒಮ್ಮೆ, ಮಧ್ಯೆ ಇನ್ನೊಮ್ಮೆ ತೊಳೀರಿ. ಮೊದಲು ಎಂಸಿಬಿ ಆಫ್ ಮಾಡಿ. ಬರೀ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಮೆತ್ತನೆ ಬ್ರಷ್‌ನಿಂದ ಫಿನ್ ಹೋದ ದಿಕ್ಕಿನಲ್ಲೇ ಧೂಳು ತೆಗೆದು, ಪೈಪಿನಿಂದ ನಿಧಾನವಾಗಿ ನೀರು ಬಿಡಿ. ಬೈಕ್ ತೊಳೆಯೋ ಪ್ರೆಷರ್ ವಾಷರ್ ಮಾತ್ರ ಬೇಡ, ಫಿನ್ ಮಡಚಿಕೊಳ್ಳುತ್ತೆ. ಎರಡನೇ ಮಹಡಿ ಗೋಡೆಗೆ ನೇತಾಡ್ತಿರೋ ಯೂನಿಟ್ಟಾದರೆ ಮೆಕ್ಯಾನಿಕ್‌ನ ಕರೀರಿ.